ಅಣಬೆ ನೋಡೋಕೆ ಹಲ್ಲು ಡಾಕ್ಟ್ರ ಕನ್ನಡಿ: ಒಂದು ಸೀಸನ್ ಬಳಸಿದ ಮೇಲೆ ಬರೆದ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ನಾನು ಡೆಂಟಿಸ್ಟ್ ಅಲ್ಲ. ಆದ್ರೂ ಮೂರು ಪೌಂಡ್ ಚಿಲ್ರೆ ಕೊಟ್ಟು, ಡೆಂಟಿಸ್ಟ್‌ಗಳು ಬಾಯೊಳಗೆ ಇಟ್ಟು ನೋಡ್ತಾರಲ್ಲ, ಉದ್ದ ಹಿಡಿ ತುದೀಲಿ ರೂಪಾಯಿ ನಾಣ್ಯದಷ್ಟು ಕನ್ನಡಿ, ಅದನ್ನ ಆನ್‌ಲೈನಲ್ಲಿ ತರಿಸ್ಕೊಂಡಿದೀನಿ. ಪಾರ್ಸೆಲ್ ಬಿಚ್ಚಿದ ಹೆಂಡ್ತಿ "ಎಂತ ಇದು, ಹಲ್ಲು ನೋವಾ ನಿಂಗೆ?" ಅಂದ್ಲು. ಹಲ್ಲೇ, ಆದ್ರೆ ನಂದಲ್ಲ ಅಂದೆ. ಅವತ್ತಿಂದ ಮನೇಲಿ ನಂಗೆ ಅಣಬೆ ಡಾಕ್ಟ್ರು ಅಂತಾನೇ ಹೆಸ್ರು.

ಇದರ ಜೊತೆ ಇನ್ನೆರಡು ಸಾಮಾನಿನ ಬಗ್ಗೇನೂ ಬರೀತೀನಿ, ಒಂದು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಕೈ ಲೆನ್ಸು, ಇನ್ನೊಂದು ಫೋಟೋ ತೆಗೆದ್ರೆ ಅಣಬೆ ಹೆಸ್ರು ಹೇಳ್ತೀವಿ ಅನ್ನೋ ಆಪು. ಆಪಿನ ಹೆಸ್ರು ಹಾಕಲ್ಲ, ಯಾಕಂದ್ರೆ ಬೇರೆ ಆಪುಗಳೂ ಇದಕ್ಕಿಂತ ಮೇಲು ಅಂತೇನೂ ನಂಗೆ ಅನ್ಸಿಲ್ಲ, ಸುಮ್ನೆ ಒಬ್ರ ಮೇಲೆ ಗೂಬೆ ಕೂರ್ಸೋದು ಬೇಡ. ಮೂರನ್ನೂ ಒಂದೇ ಅಣಬೆ ಮುಂದೆ ಇಟ್ಟು ಪರೀಕ್ಷೆ ಮಾಡಿದ್ದು, ಅದೂ ನಾನು ಬೇಕು ಅಂತ ಮಾಡಿದ್ದಲ್ಲ, ತಾನಾಗೇ ಆಗಿದ್ದು.

ನಾವಿರೋದು ಕೇಂಬ್ರಿಜಲ್ಲಿ. ಶನಿವಾರ ಮಳೆ ಇಲ್ದಿದ್ರೆ ಥೆಟ್‌ಫರ್ಡ್ ಕಾಡಿಗೆ ಹೋಗ್ತೀವಿ. ಕಾಡು ಅಂದ ತಕ್ಷಣ ಆಗುಂಬೆ ನೆನೆಸ್ಕೋಬೇಡಿ, ಇದು ನೆಟ್ಟ ಕಾಡು. ಮೊದಲ ಮಹಾಯುದ್ಧದಲ್ಲಿ ಮರಕ್ಕೆ ತತ್ವಾರ ಆಯ್ತು ಅಂತ 1919ರಲ್ಲಿ ಫಾರೆಸ್ಟ್ರಿ ಕಮಿಷನ್ ಅಂತ ಸರ್ಕಾರಿ ಅರಣ್ಯ ಇಲಾಖೆ ಮಾಡಿ, ಆಮೇಲೆ ಈ ಮರಳು ನೆಲದಲ್ಲಿ ಸಾಲು ಹಿಡಿದು ಪೈನ್ ನೆಟ್ಕೊಂಡು ಹೋದ್ರು. ನಮ್ಮ ತೀರ್ಥಹಳ್ಳಿ ಕಡೆ ಅಕೇಶಿಯಾ ಪ್ಲಾಂಟೇಶನ್ ನೋಡಿದೋರಿಗೆ ಅಂದಾಜು ಸಿಗುತ್ತೆ, ಅದೇ ಥರ ನೇರ ಸಾಲು, ಒಳಗೆ ಹಕ್ಕಿ ಸದ್ದೂ ಕಮ್ಮಿ, ಕೆಳಗೆ ಸೂಜಿ ಎಲೆ ಹಾಸು ಮೆತ್ತಗೆ ಹಾಸಿಗೆ ಇದ್ದಂಗೆ. ನಾನಂತೂ ಮೊದಲ ಎರಡು ವರ್ಷ ಇದೇನು ಕಾಡು ಅಂತ ಮೂಗು ಮುರಿದಿದ್ದೇ ಜಾಸ್ತಿ. ಊರಲ್ಲಿ ಮಳೆಗಾಲಕ್ಕೆ ಹುತ್ತದ ಪಕ್ಕ ಏಳೋ ಅಣಬೆ ಕಿತ್ತು ತಂದು ಸಾರು ಮಾಡೋದು ಬಿಟ್ರೆ ನಮಗೆ ಮಿಕ್ಕಿದ್ದೆಲ್ಲ ನಾಯಿಕೊಡೆ, ಕಾಲಲ್ಲಿ ಒದ್ಕೊಂಡು ಹೋಗೋದು. ಇಲ್ಲಿ ಬಂದ ಮೇಲೆ ಕಣ್ಣು ನೆಲಕ್ಕೆ ಇಳೀತು.

ಅವತ್ತು ಅಕ್ಟೋಬರ್ ತಿಂಗಳು. ಮಗಳ ಶೂ ಲೇಸ್ ಕಟ್ಟೋಕೆ ಅಂತ ಮಂಡಿ ಊರಿದೆ, ಊರಿದ ಜಾಗದ ಪಕ್ಕದಲ್ಲೇ ಒಂದು ಕಂದು ಬಣ್ಣದ ಚಕ್ಕೆ. ಒಣಗಿದ ಎಲೆ ಅಂತ್ಲೇ ಅಂದ್ಕೊಂಡೆ. ಹೆಬ್ಬೆರಳಿನ ಉಗುರಿನಷ್ಟು ಅಗಲ, ಮೇಲೆಲ್ಲ ಸಣ್ಣ ರೋಮ, ಅಂಚಲ್ಲಿ ಬಣ್ಣ ಸ್ವಲ್ಪ ತಿಳಿ. ಊದಿದ್ರೆ ಅಲ್ಲಾಡ್ತು ಆದ್ರೆ ಹಾರಲಿಲ್ಲ. ಅಂದ್ರೆ ಕೆಳಗೆ ಕಾಂಡ ಇದೆ.

ಆಪು ತೆಗೆದೆ. ವರ್ಷಕ್ಕೆ ಇಪ್ಪತ್ತು ಚಿಲ್ರೆ ಪೌಂಡ್ ಕಟ್ಟಿದೀನಿ ಸ್ವಾಮಿ, ಬಿಡೋಕಾಗುತ್ತಾ. ಮೇಲಿಂದ ಒಂದು ಫೋಟೋ ಹೊಡೆದೆ, ಚಕ್ರ ತಿರುಗಿ ತಿರುಗಿ ಕೊನೆಗೆ ಪೈನ್ ಕಾಯಿ ಮೇಲೆ ಬೆಳೆಯೋ ಒಂದು ಸಣ್ಣ ಅಣಬೆ ಹೆಸ್ರು ಹೇಳ್ತು, ಬೇಯೊಸ್ಪೋರಾ ಅಂತ. ಪರವಾಗಿಲ್ವೇ ಅಂದ್ಕೊಂಡೆ. ಪಕ್ಕದಿಂದ ಇನ್ನೊಂದು ಫೋಟೋ ಹೊಡೆದ್ರೆ ಅದು ಓಕ್ ಎಲೆ ಅಂತು. ಆಯ್ತಪ್ಪ ಅಂತ ಫೋನನ್ನ ನೆಲಕ್ಕೆ ತಾಗಿಸಿ, ಕತ್ತು ಉಳುಕೋ ಥರ ಬಗ್ಗಿ, ಕೆಳಗಿಂದ ಮೂರನೇದು ಹೊಡೆದೆ, ಅರ್ಧ ಮಸುಕು, ಅರ್ಧ ನನ್ನ ಬೆರಳು. ಆಗ ಬಂದ ಉತ್ತರ ನೋಡಿ ಸ್ವಲ್ಪ ಗಾಬರೀನೇ ಆಯ್ತು, ಹೆಜ್‌ಹಾಗ್ ಅಣಬೆ ಅಂತ, ಪಕ್ಕದಲ್ಲಿ ಪುಟ್ಟ ತಟ್ಟೆ ಚಮಚದ ಚಿತ್ರ ಬೇರೆ, ತಿನ್ನಬಹುದು ಅಂತ. ಮೂರು ಫೋಟೋ, ಮೂರು ಉತ್ತರ, ಅಣಬೆ ಮಾತ್ರ ಒಂದೇ.

ಇಲ್ಲಿ ಆಪಿನ ತಪ್ಪು ಎಷ್ಟು ನನ್ನ ತಪ್ಪು ಎಷ್ಟು ಅಂತ ನಾನೇ ಕೂತು ಯೋಚನೆ ಮಾಡಿದೀನಿ. ಮೇಲಿಂದ ನೋಡಿದ್ರೆ ಕಂದು ಟೋಪಿ ಇರೋ ಅಣಬೆ ಸಾವಿರ ಇದಾವೆ, ಅದಕ್ಕೇನು ದಿವ್ಯದೃಷ್ಟಿ ಇದೆಯಾ. ಅಣಬೆ ಗುರುತು ಇರೋದೇ ಟೋಪಿ ಕೆಳಗೆ. ಅಲ್ಲಿ ಪುಸ್ತಕದ ಹಾಳೆ ಥರ ಪದರ ಇದೆಯಾ, ಸ್ಪಂಜಿನ ಥರ ತೂತು ಇದೆಯಾ, ಇಲ್ಲಾ ಮುಳ್ಳು ಇದೆಯಾ ಅನ್ನೋದು ಗೊತ್ತಾಗದೆ ಒಂದು ಹೆಜ್ಜೆ ಮುಂದೆ ಹೋಗೋಕಾಗಲ್ಲ. ಅದನ್ನ ನೋಡಬೇಕು ಅಂದ್ರೆ ಕೀಳಬೇಕು, ಅಥವಾ ನೆಲದ ಮೇಲೆ ಬೋರಲು ಮಲಗಬೇಕು. ಕಿತ್ರೆ ಒಂದೇ ಒಂದು ಇರೋದು ಹೋಯ್ತು. ಮಲಗಿದ್ರೆ ಅಕ್ಟೋಬರ್ ಥಂಡಿಗೆ ಎದೆ ಒದ್ದೆ.

ಆ ಕಷ್ಟಕ್ಕೆ ಕನ್ನಡಿ ಔಷಧಿ. ಇದು ನನ್ನ ತಲೇಲಿ ಹೊಳೆದಿದ್ದಲ್ಲ, ಹಿಂದಿನ ತಿಂಗಳು ಇಲ್ಲಿಯ ಅಣಬೆ ಗುಂಪಿನ ಜೊತೆ ಒಂದು ಸುತ್ತು ಹೋಗಿದ್ದಾಗ ಎಪ್ಪತ್ತು ದಾಟಿದ ಒಬ್ರು ಅಜ್ಜಿ, ಬಗ್ಗೋದೇ ಇಲ್ಲ, ಕೋಟಿನ ಜೇಬಿಂದ ಇದನ್ನ ತೆಗೆದು ಟೋಪಿ ಕೆಳಗೆ ಇಟ್ಟು ನಿಂತಲ್ಲೇ ನೋಡಿ ಹೆಸ್ರು ಹೇಳ್ಕೊಂಡು ಹೋಗ್ತಿದ್ರು. ನಾವು ಹತ್ತು ಜನ ಗಂಡಸ್ರು ಮಂಡಿ ಮಣ್ಣು ಮಾಡ್ಕೊಂಡು ಅವ್ರ ಹಿಂದೆ. ಅವತ್ತು ರಾತ್ರಿನೇ ಆರ್ಡರ್ ಹಾಕಿದ್ದು.

ಸರಿ, ಜೇಬಿಂದ ಕನ್ನಡಿ ತೆಗೆದು ಆ ಕಂದು ಚಕ್ಕೆ ಕೆಳಗೆ ತಳ್ಳಿದೆ. ಮೊದಲು ಏನೂ ಕಾಣಲಿಲ್ಲ, ಕತ್ತಲೆ. ಫೋನ್ ಟಾರ್ಚ್ ಹಾಕಿ ಬೆಳಕನ್ನ ಅಣಬೆ ಮೇಲಲ್ಲ, ಕನ್ನಡಿ ಮೇಲೆ ಬಿಟ್ಟೆ, ಬೆಳಕು ಕನ್ನಡೀಲಿ ತಿರುಗಿ ಟೋಪಿ ಅಡಿಗೆ ಹೋಯ್ತು. ಆಗ ಕಂಡಿದ್ದು ನೋಡಿ. ಪದರಾನೂ ಇಲ್ಲ ತೂತೂ ಇಲ್ಲ, ಬಾಚಣಿಗೆ ಹಲ್ಲಿಗಿಂತ ಸಣ್ಣ ಮುಳ್ಳುಗಳು, ಎರಡು ಮೂರು ಮಿಲಿಮೀಟರ್ ಉದ್ದ, ಬೂದಿ ಮಿಶ್ರಿತ ಕಂದು, ಎಲ್ಲಾ ಒಂದೇ ಸಮ ಕೆಳಗೆ ನೋಡ್ಕೊಂಡು ನೇತಾಡ್ತಿವೆ. ಮಗಳಿಗೆ ತೋರಿಸಿದೆ, "ಅಪ್ಪಾ, ಇದಕ್ಕೆ ಬ್ರಶ್ ಮಾಡ್ಸು" ಅಂದ್ಲು.

ಇನ್ನೊಂದು ವಿಚಿತ್ರ ಕನ್ನಡೀಲೇ ಕಂಡಿದ್ದು, ಕಾಂಡ ಟೋಪಿಗೆ ನಡುಮಧ್ಯ ಸೇರಿಲ್ಲ. ಕೊಡೆ ಥರ ಅಲ್ಲ, ಸೌಟಿನ ಥರ, ಒಂದು ಪಕ್ಕಕ್ಕೆ ಅಂಟ್ಕೊಂಡಿದೆ. ಟೋಪಿಗೆ ಆ ಪಕ್ಕದಲ್ಲಿ ಒಂದು ಕಚ್ಚು, ನೋಡಿದ್ರೆ ಹುರುಳಿಕಾಳಿನ ಆಕಾರ. ಕಾಂಡ ನನ್ನ ಕಿರುಬೆರಳಿನಷ್ಟು ಉದ್ದ ಇತ್ತು, ಬೆಂಕಿಕಡ್ಡಿಗಿಂತ ಚೂರು ದಪ್ಪ, ಮೈತುಂಬ ಗಿಡ್ಡ ಕೂದಲು, ಕೆಳಗೆ ಹೋಗ್ತಾ ಹೋಗ್ತಾ ಕಪ್ಪು. ಬುಡದಲ್ಲಿ ಸೂಜಿ ಎಲೆ ಹಾಸನ್ನ ಬೆರಳಲ್ಲಿ ಮೆಲ್ಲಗೆ ಸರಿಸಿದ್ರೆ ಎರಡು ಇಂಚು ಕೆಳಗೆ ಹಳೇ ಪೈನ್ ಕಾಯಿ, ಕೊಳೆತು ಕಪ್ಪಾಗಿದೆ, ಅದರ ಸಂದಿಂದ ಇದು ಎದ್ದಿದೆ. ನೋಡಿ ಹಾಸನ್ನ ಹಾಗೇ ಮುಚ್ಚಿದೆ.

ಇಷ್ಟು ಸಿಕ್ಕಿದ ಮೇಲೆ ಹೆಸರಿಗೆ ಆಪೂ ಬೇಡ ಅಜ್ಜೀನೂ ಬೇಡ. ಪೈನ್ ಕಾಯಿ ಮೇಲೆ, ಕೂದಲು ಕಾಂಡ, ಪಕ್ಕಕ್ಕೆ ಅಂಟಿದ ಟೋಪಿ, ಕೆಳಗೆ ಮುಳ್ಳು, ಈ ನಾಲ್ಕೂ ಒಟ್ಟಿಗೆ ಇರೋದು ಯುರೋಪಲ್ಲಿ ಒಂದೇ ಒಂದು, ಆರಿಸ್ಕ್ಯಾಲ್ಪಿಯಂ ವಲ್ಗೇರ್. ಮನೆಗೆ ಬಂದು ಗೈಡ್ ಪುಸ್ತಕ ತೆಗೆದ್ರೆ ಮೊದಲನೇ ಸಾಲಲ್ಲೇ ಅದು. ತಿನ್ನೋಕೆ ಬರಲ್ಲ, ವಿಷ ಅಂತಲ್ಲ, ಚರ್ಮದ ಚಪ್ಪಲಿ ಅಗಿದಂಗೆ ಇರುತ್ತೆ, ಮತ್ತೆ ಅಷ್ಟು ಸಣ್ಣದನ್ನ ತಿಂದು ಏನಾಗ್ಬೇಕು. ಇಲ್ಲಿ ಅಪರೂಪ ಅನ್ನೋ ಲೆಕ್ಕಕ್ಕೇ ಬರುತ್ತೆ, ಆದ್ರೆ ಇದ್ರೂ ಯಾರ ಕಣ್ಣಿಗೂ ಬೀಳಲ್ಲ ಅನ್ನೋದೂ ಅದರಲ್ಲಿ ಸೇರಿದೆ ಅಂತ ನಂಗನ್ಸುತ್ತೆ. ಲೇಸ್ ಬಿಚ್ಚದೇ ಇದ್ದಿದ್ರೆ ನಾನೂ ತುಳ್ಕೊಂಡು ಹೋಗ್ತಿದ್ದೆ.

ಆ ಹೆಸರಿನ ಅರ್ಥ ಗೊತ್ತಾದಾಗ ನಗು ತಡೆಯೋಕಾಗಲಿಲ್ಲ. ಲ್ಯಾಟಿನಲ್ಲಿ ಆರಿಸ್ಕ್ಯಾಲ್ಪಿಯಂ ಅಂದ್ರೆ ಕಿವಿ ಗುಗ್ಗೆ ತೆಗೆಯೋ ಕಡ್ಡಿ! 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಹೈಡ್ನಂ ಆರಿಸ್ಕ್ಯಾಲ್ಪಿಯಂ ಅಂತ ಇಟ್ಟಿದ್ದ, 1821ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಗ್ರೇ ಅದನ್ನ ಈಗಿನ ಹೆಸರಿಗೆ ಬದಲಾಯಿಸಿದ. ಜರ್ಮನ್ನರೂ ಡಚ್ಚರೂ ಫ್ರೆಂಚರೂ ಅವರವರ ಭಾಷೇಲಿ ಕಿವಿ ಕಡ್ಡಿ ಅಂತಾನೇ ಕರೀತಾರೆ. ನನ್ನ ಅಜ್ಜಿ ಸೊಂಟದ ಬೀಗದಕೈ ಗೊಂಚಲಲ್ಲಿ ಒಂದು ಬೆಳ್ಳಿ ಗುಗ್ಗೆ ಕಡ್ಡಿ ನೇತಾಡ್ತಿತ್ತು, ಉದ್ದ ಹಿಡಿ, ತುದೀಲಿ ಬಗ್ಗಿಸಿದ ಪುಟ್ಟ ಚಮಚ. ಫೋಟೋ ಪಕ್ಕ ಇಟ್ರೆ ಅದೇ ಇದು, ಬೆಳ್ಳಿ ಇಲ್ಲ ಅಷ್ಟೇ. ಅಮ್ಮಂಗೆ ವಾಟ್ಸಾಪಲ್ಲಿ ಕಳಿಸಿದೆ, ಹೆಸರಿನ ಕಥೆ ಹೇಳಿದೆ. "ಹೌದೇನ, ಚಂದ ಉಂಟು, ಆದ್ರೆ ಮಾರಾಯ ಅದನ್ನ ಕಿವಿಗೆ ಹಾಕ್ಬೇಡ" ಅಂತ ವಾಯ್ಸ್ ಮೆಸೇಜ್ ಬಂತು.

ಈಗ ಲೆನ್ಸಿನ ವಿಷ್ಯ. ನಂದು ಹತ್ತು ಪಟ್ಟಿನದು, ಗಾಜು 21 ಮಿಲಿಮೀಟರ್ ಅಗಲ, ಹದಿನೈದು ಪೌಂಡಿನ ಹತ್ರ ಬಿತ್ತು. ಒಳ್ಳೇ ಸಾಮಾನು, ಆದ್ರೆ ಬಹಳ ಜನ ಹಿಡಿಯೋದೇ ತಪ್ಪು, ಪತ್ತೇದಾರಿ ಸಿನಿಮಾ ಥರ ಕೈ ಚಾಚಿ ದೂರದಲ್ಲಿ ಹಿಡೀತಾರೆ. ಹಾಗಲ್ಲ, ಲೆನ್ಸನ್ನ ಕಣ್ಣಿಗೆ ತಾಗಿಸಬೇಕು, ಆಮೇಲೆ ವಸ್ತುವನ್ನ ಒಂದು ಇಂಚು ಹತ್ರಕ್ಕೆ ತರಬೇಕು. ತಂದ್ರೆ ಮುಳ್ಳಿನ ತುದಿ ಚೂಪಾ ಮೊಂಡಾ, ಕಾಂಡದ ಕೂದಲು ನಿಂತಿದೆಯಾ ಅಂಟಿದೆಯಾ ಎಲ್ಲಾ ಕಾಣುತ್ತೆ. ಆದ್ರೆ ವಸ್ತುವನ್ನ ಹತ್ರಕ್ಕೆ ತರಬೇಕು ಅನ್ನೋದೇ ತೊಂದರೆ, ಕೀಳದೇ ಇರೋ ಅಣಬೆಗೆ ನಮ್ಮ ಕಣ್ಣೇ ನೆಲದ ಹತ್ರ ಹೋಗ್ಬೇಕು, ಮತ್ತೆ ಅದೇ ಬೋರಲು ಆಸನ. ಕನ್ನಡಿ ಒಂದು ಕೈಲಿ ಲೆನ್ಸು ಇನ್ನೊಂದು ಕೈಲಿ ಟಾರ್ಚ್ ಬಾಯಲ್ಲಿ ಇಟ್ಕೊಂಡು ಎರಡನ್ನೂ ಸೇರಿಸಿ ನೋಡೋಕೆ ಪ್ರಯತ್ನ ಪಟ್ಟೆ, ಆಗುತ್ತೆ, ಆದ್ರೆ ದಾರಿಹೋಕರು ನಾಯಿನ ಆ ಕಡೆ ಎಳ್ಕೊಂಡು ಹೋದ್ರು. ಇಪ್ಪತ್ತು ಪಟ್ಟಿನ ಲೆನ್ಸು ತಗೋಬೇಡಿ, ಕಿಂಡಿ ಸಣ್ಣದು, ಕತ್ತಲೆ, ಫೋಕಸ್ ನಿಲ್ಲಲ್ಲ, ದೊಡ್ಡ ನಂಬರ್ ನೋಡಿ ನಾನು ಮೊದಲು ಅದನ್ನೇ ತಗೊಂಡು ದುಡ್ಡು ಕಳ್ಕೊಂಡಿದೀನಿ.

ಆಪು ಹೇಳಿದ ಆ ಬೇಯೊಸ್ಪೋರಾ ಬಗ್ಗೆ ಒಂದು ಮಾತು, ಅದಕ್ಕೆ ಅನ್ಯಾಯ ಆಗ್ಬಾರ್ದು. ಅದು ನಿಜವಾಗ್ಲೂ ಪೈನ್ ಕಾಯಿ ಮೇಲೇ ಬರುತ್ತೆ, ಶರತ್ಕಾಲದಲ್ಲೇ ಬರುತ್ತೆ, ಸಣ್ಣದೇ, ಮೇಲಿಂದ ಕಂದೇ. ಕೆಳಗೆ ಮಾತ್ರ ಒತ್ತೊತ್ತಾಗಿ ಪದರ. ವಸಂತದಲ್ಲಿ ಕಾಯಿ ಮೇಲೆ ಇನ್ನೊಂದು ಬರುತ್ತೆ, ಸ್ಟ್ರೋಬಿಲ್ಯೂರಸ್, ಅದಕ್ಕೂ ಪದರ. ತೋಟ ಗದ್ದೆ ಇರೋರಿಗೆ ಈ ಹೆಸ್ರು ಕೇಳಿದಂಗೆ ಇದೆಯಲ್ಲ ಅನ್ಸಬಹುದು, ಅನ್ಸಲೇಬೇಕು. 1977ರಲ್ಲಿ ಜರ್ಮನಿಯ ವಿಜ್ಞಾನಿಗಳು ಈ ಸ್ಟ್ರೋಬಿಲ್ಯೂರಸ್‌ನಿಂದಲೇ ಬೇರೆ ಬೂಸ್ಟನ್ನ ಕೊಲ್ಲೋ ಸ್ಟ್ರೋಬಿಲ್ಯೂರಿನ್ ತೆಗೆದ್ರು, ಅದರ ಮಾದರೀಲಿ ಮಾಡಿದ್ದು ಅಜಾಕ್ಸಿಸ್ಟ್ರೋಬಿನ್, ಇವತ್ತು ಊರ ಗೊಬ್ಬರದಂಗಡೀಲಿ ಸಿಗೋ ಬಾಟ್ಲಿ. ಅಪ್ಪಯ್ಯ ಮೆಣಸಿನ ಗಿಡಕ್ಕೆ ಹೊಡೆಯೋ ಔಷಧಿಯ ಹಿಂದೆ ಇಂಥ ಒಂದು ನಾಯಿಕೊಡೆ ಇದೆ ಅಂದ್ರೆ ಅವ್ರು ಇನ್ನೂ ನಂಬಿಲ್ಲ.

ಮೂರನೇ ಉತ್ತರ ಹೆಜ್‌ಹಾಗ್, ಅದು ಬೇರೆ ಕೇಸು. ಮುಳ್ಳು ಇದೆ ಅನ್ನೋದನ್ನ ಆಪು ಸರಿಯಾಗೇ ಹಿಡೀತು, ಆದ್ರೆ ಫೋಟೋದಲ್ಲಿ ಅಳತೆ ಗೊತ್ತಾಗಲ್ಲವಲ್ಲ. ಹೆಜ್‌ಹಾಗ್ ಅಂಗೈ ಅಗಲಕ್ಕೆ ಬೆಳೆಯುತ್ತೆ, ಬೆಣ್ಣೆ ಬಣ್ಣ, ದಪ್ಪ ಮಾಂಸ, ನೆಲದಿಂದ ಏಳುತ್ತೆ, ಕಾಂಡಕ್ಕೆ ಕೂದಲಿಲ್ಲ. ಇದು ಉಗುರಿನಷ್ಟು. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆದಿದ್ರೆ ನೋಡೋ ಮನುಷ್ಯರಿಗಾದ್ರೂ ಗೊತ್ತಾಗ್ತಿತ್ತು. ಮಜಾ ಏನಂದ್ರೆ ಎರಡಕ್ಕೂ ಹಲ್ಲಿದ್ರೂ ಎರಡೂ ನೆಂಟರಲ್ಲ. ಲಿನೇಯಸ್ ಕಾಲದಲ್ಲಿ ಹಲ್ಲಿರೋದನ್ನೆಲ್ಲ ಒಂದೇ ಮನೆಗೆ ಹಾಕಿದ್ರು, ಈಗ ನೋಡಿದ್ರೆ ಹೆಜ್‌ಹಾಗ್ ಹೋಗಿ ಹಳದಿ ಶ್ಯಾಂಟರೆಲ್ ಅಣಬೆ ಜೊತೆ ಕೂತಿದೆ, ಸ್ಕಾಟ್ಲೆಂಡಿನ ಪೈನ್ ಕಾಡಲ್ಲಿ ರಕ್ತದ ಹನಿ ಥರ ಕೆಂಪು ರಸ ಒಸರೋ ಹೈಡ್ನೆಲ್ಲಂ ಪೆಕಿ ಅನ್ನೋ ಹಲ್ಲಿನ ಅಣಬೆ ಇನ್ನೊಂದು ಕಡೆ, ನಮ್ಮ ಕಿವಿ ಕಡ್ಡಿ ರುಸುಲ ಅನ್ನೋ ಪದರದ ಅಣಬೆಗಳ ಬಳಗದಲ್ಲಿ. ಹೊರಗಿಂದ ನೋಡಿದ್ರೆ ಕಿವಿ ಕಡ್ಡಿಗೂ ರುಸುಲಕ್ಕೂ ಸಂಬಂಧಾನೇ ಇಲ್ಲ ಅನ್ಸುತ್ತೆ. ಬೀಜಕಣಕ್ಕೆ ಅಯೋಡಿನ್ ದ್ರಾವಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಎರಡರದ್ದೂ ನೀಲಿ-ಕಪ್ಪಿಗೆ ತಿರುಗುತ್ತೆ, ಆಮೇಲೆ ಡಿಎನ್‌ಎ ಕೂಡ ಅದನ್ನೇ ಹೇಳ್ತು. ನನ್ನ ಹತ್ರ ಮೈಕ್ರೋಸ್ಕೋಪ್ ಇಲ್ಲ, ಹೆಂಡ್ತಿ ಕನ್ನಡೀಲೇ ನಿಲ್ಸು ಅಂದಿದಾಳೆ.

ಕನ್ನಡಿ ಬಗ್ಗೆ ಬರೀ ಹೊಗಳಿದ್ರೆ ರಿವ್ಯೂ ಆಗಲ್ಲ, ದೂರುಗಳೂ ಇವೆ. ಥಂಡಿ ಬೆಳಗ್ಗೆ ಹತ್ತಿರ ಬಗ್ಗಿ ಉಸಿರು ಬಿಟ್ರೆ ಸಾಕು ಮಂಜು ಕಟ್ಟುತ್ತೆ. ಅಂಗೀಲಿ ಒರೆಸಿ ಒರೆಸಿ ನನ್ನದಕ್ಕೆ ಆಗ್ಲೇ ಗೀರು ಬಿದ್ದಿದೆ. ಒಳಜೇಬಲ್ಲಿ ಮೈ ಬೆಚ್ಚಗೆ ಇಟ್ಕೊಂಡ್ರೆ ಮಂಜು ಕಮ್ಮಿ, ಇದು ಅನುಭವದ ಮಾತು. ಎರಡನೇದು, ಅಗ್ಗದ ಕನ್ನಡೀಲಿ ಗಾಜಿನ ಹಿಂದೆ ಲೇಪ ಇರುತ್ತೆ, ಅದರಿಂದ ಮುಳ್ಳೆಲ್ಲ ಎರಡೆರಡಾಗಿ ನೆರಳು ಬಿದ್ದಂಗೆ ಕಾಣ್ಸುತ್ತೆ. ಮುಂಭಾಗಕ್ಕೇ ಲೇಪ ಇರೋದು ಅಂತ ಕೇಳಿ ತಗೊಳ್ಳಿ, ಸ್ವಲ್ಪ ರೇಟ್ ಜಾಸ್ತಿ, ಆದ್ರೆ ನೆರಳು ಬರಲ್ಲ. ನಾನು ಮೊದಲು ತಗೊಂಡಿದ್ದು ಹಿಂದೆ ಲೇಪದ್ದು, ಈಗ ಬೇಜಾರು. ಮೂರನೇದು ಫೋಟೋ. ಕನ್ನಡಿ ಒಳಗಿನ ಬಿಂಬದ ಫೋಟೋ ತೆಗೆಯೋಕೆ ಹೋದ್ರೆ ಫೋನು ಕನ್ನಡಿಯ ಅಂಚಿಗೇ ಫೋಕಸ್ ಮಾಡುತ್ತೆ, ಬಿಂಬ ಮಸುಕು. ಸ್ಕ್ರೀನಲ್ಲಿ ಬಿಂಬದ ನಡುವೆ ಬೆರಳಿಟ್ಟು ಒತ್ತಿ ಹಿಡೀಬೇಕು, ಬಿಂಬ ಕನ್ನಡಿಗಿಂತ ಹಿಂದೆ ಇರೋದಲ್ವಾ. ಇದು ಗೊತ್ತಾಗೋಕೆ ನಂಗೆ ಮೂರು ಶನಿವಾರ ಬೇಕಾಯ್ತು. ನಾಲ್ಕನೇದು, ತಲೆ ಹಿಡಿಗೆ ತಿರುಪಲ್ಲಿ ಕೂರೋದು, ಜೇಬಲ್ಲಿ ಸಡಿಲ ಆಗಿ ಒಂದ್ಸಲ ಬಿದ್ದೇ ಹೋಯ್ತು, ಆ ಸೂಜಿ ಎಲೆ ರಾಶೀಲಿ ಹೊಳೆಯೋದೊಂದು ಇದ್ದಿದ್ರಿಂದ ಸಿಕ್ತು. ಹಿಡಿಗೆ ಒಂದು ಕೆಂಪು ಟೇಪ್ ಸುತ್ತಿ ಇಟ್ಕೊಳ್ಳಿ.

ಕನ್ನಡಿ ಸೈಜು ನಂಬರ್ ಲೆಕ್ಕದಲ್ಲಿ ಸಿಗುತ್ತೆ, ನಾಲ್ಕನೇ ನಂಬರ್ ಅಂದ್ರೆ 22 ಮಿಲಿಮೀಟರ್ ಅಗಲ, ಅದು ಸಾಕು. ಅದಕ್ಕಿಂತ ದೊಡ್ಡದು ಈ ಥರ ಗಿಡ್ಡ ಅಣಬೆ ಕೆಳಗೆ ತೂರಲ್ಲ. ಗ್ಯಾರೇಜಲ್ಲಿ ಕಾರಿನ ಅಡಿ ನೋಡೋ ಉದ್ದ ಕನ್ನಡಿ ಒಬ್ರು ತಂದಿದ್ರು, ಮರದ ಬೊಡ್ಡೆ ಮೇಲಿನ ದೊಡ್ಡ ಅಣಬೆಗೆ ಅದು ಚೆನ್ನಾಗಿದೆ, ಇದಕ್ಕಾಗಲ್ಲ.

ಮಾರ್ಕ್ಸ್ ಬೇಕು ಅನ್ನೋರಿಗೆ, ಕನ್ನಡಿಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಟ್ ಮಾಡಿದ್ದು ಮಂಜಿಗೆ. ಲೆನ್ಸಿಗೆ ನಾಲ್ಕು. ಆಪಿಗೆ ಎರಡು, ಅದೂ ಫೋಟೋ ಜೊತೆ ತಾರೀಖು ಜಾಗ ನೆಟ್ಟಗೆ ಸೇವ್ ಮಾಡಿ ಇಡುತ್ತೆ ಅನ್ನೋದಕ್ಕೆ, ಆ ತಟ್ಟೆ ಚಮಚದ ಚಿತ್ರಕ್ಕೆ ನಾನಾಗಿದ್ರೆ ಸೊನ್ನೆ ಕೊಡ್ತಿದ್ದೆ. ಊರಿಂದ ಬಂದ ಹೊಸಬರು, ಇಲ್ಲಿ ಕಾಡಲ್ಲಿ ಬೇಕಾದಷ್ಟು ಅಣಬೆ ಇದೆ ಅಂತ ಚೀಲ ಹಿಡ್ಕೊಂಡು ಹೊರಟೋರು, ದಯವಿಟ್ಟು ಆ ಚಿತ್ರ ನೋಡಿ ಒಲೆ ಹಚ್ಚಬೇಡಿ.

ಮೊನ್ನೆ ಶನಿವಾರ ಅದೇ ಜಾಗಕ್ಕೆ ಮತ್ತೆ ಹೋಗಿದ್ವಿ. ಐದು ವಾರ ಆದ್ರೂ ಅಲ್ಲೇ ಇದೆ, ಇನ್ನಷ್ಟು ಕಪ್ಪಾಗಿದೆ, ಟೋಪಿ ಅಂಚು ಒಂಚೂರು ಮುದುರಿದೆ, ಆ ಕಡೆಗೆ ಗೇಣು ದೂರದಲ್ಲಿ ಇನ್ನೊಂದು ಕಾಯಿಯಿಂದ ಮರಿ ಎದ್ದಿದೆ, ಅದರ ಮುಳ್ಳು ಇನ್ನೂ ತಿಳಿ ಬಣ್ಣ. ಮಗಳು ಕನ್ನಡಿ ನನ್ನ ಕೈಯಿಂದ ಕಿತ್ಕೊಂಡು ತಾನೇ ನೋಡಿದ್ಲು, ವಾಪಸ್ ಕೊಡಲಿಲ್ಲ. ಕಾರಲ್ಲಿ ಕೂತು ತನ್ನ ಅಲ್ಲಾಡ್ತಿರೋ ಹಲ್ಲನ್ನ ಅದರಲ್ಲೇ ನೋಡ್ಕೊಳ್ಳೋಕೆ ಹೊರಟಿದ್ಲು, ಅಣಬೆ ಕೆಳಗೆ ಇಟ್ಟಿದ್ದು ಅಂತ ಕಿತ್ತು ಇಟ್ಟಿದೀನಿ. ಇನ್ನೆರಡು ಆರ್ಡರ್ ಹಾಕಿದೀನಿ, ಈ ಸಲ ಮುಂಭಾಗಕ್ಕೆ ಲೇಪ ಇರೋದು, ಒಂದು ಅವಳಿಗೆ. ಆಪಿಂದ ರಿನ್ಯೂವಲ್ ಮೆಸೇಜ್ ಬಂದಿತ್ತು, ಕ್ಯಾನ್ಸಲ್ ಬಟನ್ ಎಲ್ಲಿದೆ ಅಂತ ಹುಡುಕ್ತಾ ಇದೀನಿ, ಅದು ಆ ಅಣಬೆಗಿಂತ ಕಷ್ಟ.